ಆಟದ ಆಯುಧ

ಕರ್ಣಾರ್ಜುನರ ಕಾಳಗದಲ್ಲಿ ಒಂದು ಗಳಿಗೆ ಉಂಟು. ಆ ಗಳಿಗೆ ಬಂದಿತೆಂದರೆ ಬಯಲಿನಲ್ಲಿ ತೂಕಡಿಸುತ್ತಿದ್ದವರೂ ಎದ್ದು ಕುಳಿತುಕೊಳ್ಳುತ್ತಾರೆ. ಕರ್ಣ ಸರ್ಪಾಸ್ತ್ರವನ್ನು ಹೂಡಿದ್ದಾನೆ; ಗುರಿ ಅರ್ಜುನನ ಕೊರಳು. ಸಾರಥಿಯಾಗಿ ಕುಳಿತ ಶಲ್ಯ, ಕೊರಳಿಗೆ ಬೇಡ, ಎದೆಗೆ ಗುರಿಯಿಡು ಎನ್ನುತ್ತಾನೆ. ಕರ್ಣ ಕೇಳುವುದಿಲ್ಲ. ಬಾಣ ಹೊರಡುತ್ತದೆ. ಅದು ಬಂದು ಮುಟ್ಟುವುದರೊಳಗಾಗಿ ಕೃಷ್ಣ ರಥವನ್ನು ನೆಲಕ್ಕೆ ಅದುಮುತ್ತಾನೆ. ಬಾಣಕ್ಕೆ ಸಿಕ್ಕಿದ್ದು ಕೊರಳಲ್ಲ, ಕಿರೀಟ. ಮರಳಿ ಬಂದ ಸರ್ಪ ಇನ್ನೊಮ್ಮೆ ತೊಡೆಂದು ಬೇಡಿದರೂ, ತೊಟ್ಟ ಬಾಣವನ್ನು ಮತ್ತೆ ತೊಡುವುದಿಲ್ಲವೆಂಬ ಮಾತಿಗೆ ಕಟ್ಟುಬಿದ್ದ ಕರ್ಣ ಒಲ್ಲೆನೆನ್ನುತ್ತಾನೆ.

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಈ ಕಥೆ ತಿಳಿಯದ ಮನೆ ಅಪರೂಪ. ಯಕ್ಷಗಾನ ಬಯಲಾಟಕ್ಕೆ ಇಲ್ಲಿಯ ಜನ ಇಟ್ಟ ಹೆಸರು ‘ಆಟ’ ಎಂದಷ್ಟೆ. ಮಂದಾರ್ತಿಯ ಆಟ, ಮಾರಣಕಟ್ಟೆಯ ಆಟ, ಸಾಲಿಗ್ರಾಮ ಮೇಳದ ಆಟ ಎಂದರೆ ಸಾಕು, ಬೇರೆ ವಿವರಣೆ ಬೇಡ. ಆದರೆ ಈಗ ಅದೇ ಮನೆಗಳ ಜಗಲಿಯಲ್ಲಿ ಇನ್ನೊಂದು ಆಟವೂ ನಡೆಯುತ್ತಿದೆ. ಅದಕ್ಕೆ ಚೌಕಿಯಿಲ್ಲ, ಚೆಂಡೆಯಿಲ್ಲ. ಅಂಗೈಯಗಲದ ಗಾಜಿನ ಪರದೆಯೇ ಅದರ ರಂಗಸ್ಥಳ. ಅಲ್ಲಿ ಯಾವುದೋ ದೂರದ ಗ್ರಹದ ಮೇಲೆ, ಇನ್ನೂ ಬಾರದ ಶತಮಾನದಲ್ಲಿ, ಉಕ್ಕಿನ ಕವಚ ತೊಟ್ಟ ವೀರರು ಬೆಂಕಿಯುಂಡೆಗಳನ್ನು ಉಗುಳುವ ಕೋವಿಗಳನ್ನು ಹಿಡಿದು ಓಡಾಡುತ್ತಾರೆ.

ಅಂಥ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಎಂಟನೆಯ ತರಗತಿಯ ಹುಡುಗ. ಬ್ಯಾಂಕಿನಲ್ಲಿ ಕೆಲಸ ಮಾಡುವ ತಂದೆ. ನಿವೃತ್ತ ಶಾಲಾ ಮಾಸ್ತರರಾದ ಅಜ್ಜಯ್ಯ. ಒಂದು ಸಂಜೆ ಅಜ್ಜಯ್ಯನ ಖಾತೆಯಿಂದ ಹಣ ಕಡಿತವಾದ ಸಂದೇಶಗಳು ಒಂದರ ಹಿಂದೆ ಒಂದರಂತೆ ಕಂಡುಬಂದವು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಆಟದೊಳಗಿನ ಕೋವಿಯೊಂದಕ್ಕೆ ಹೊಸ ಬಣ್ಣ ಕೊಡಿಸಲು ಹುಡುಗ ಆ ಹಣವನ್ನು ಸುರಿದಿದ್ದ. ಮನೆಯಲ್ಲಿ ಕೋಲಾಹಲವೆದ್ದಿತು. “ಅಪ್ಪಯ್ಯ, ಆ ಫೋನ್ ಇನ್ನ್ ಇವ್ನ ಕೈಗೆ ಕೊಡುದೇ ಬ್ಯಾಡ” ಎಂದ ತಂದೆ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಹೊರಟ. ಅಜ್ಜಯ್ಯ ಮಾತ್ರ ಸುಮ್ಮನಿದ್ದು, ಫೋನನ್ನು ಹುಡುಗನ ಕೈಗೇ ಕೊಟ್ಟು, ಆಡಿ ತೋರಿಸೆಂದರು. ಸ್ವಲ್ಪ ಹೊತ್ತು ನೋಡಿದ ಮೇಲೆ ಅವರು ಕೇಳಿದ ಪ್ರಶ್ನೆ ಸಣ್ಣದು.

“ಎಂತ ಮಾಣಿ ಅದ್? ಗುಂಡ್ ಹೋದ್ದೇ ಕಾಂತಿಲ್ಲ!”

“ಅದ್ ಹೋತೇ ಇಲ್ಲ ಅಜ್ಜಯ್ಯ. ತಾಗುದ್ ಮಾತ್ರ.”

ಹುಡುಗನ ಉತ್ತರ ಉಡಾಫೆಯದಲ್ಲ. ಅಕ್ಷರಶಃ ನಿಜ.

ಹಳ್ಳಿಯ ಕಡೆ ಬೆಳೆ ಕಾಯಲು ಇಟ್ಟುಕೊಳ್ಳುವ ಕೇಪಿನ ಕೋವಿಯನ್ನು ನೆನೆದರೆ ಇದರ ವೈಚಿತ್ರ್ಯ ತಿಳಿಯುತ್ತದೆ. ಚುನಾವಣೆ ಬಂದಾಗಲೆಲ್ಲ ಪರವಾನಿಗೆದಾರರು ಠಾಣೆಗೆ ಒಯ್ದು ಒಪ್ಪಿಸಬೇಕಾಗುವ ಆ ಕೋವಿಗೆ ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಗಜದಿಂದ ಜಡಿಯಬೇಕು, ಗುಂಡು ಇಳಿಸಬೇಕು, ಕೇಪು ಕೂರಿಸಬೇಕು. ಕುದುರೆ ಎಳೆದಾಗ ಮದ್ದು ಉರಿದು ಅನಿಲವಾಗಿ ಹಿಗ್ಗಿ ಗುಂಡನ್ನು ಹೊರಕ್ಕೆ ತಳ್ಳುತ್ತದೆ. ಹೊರಟ ಗುಂಡಿಗೂ ಕಾಲ ಬೇಕು. ಸೆಕೆಂಡಿಗೆ 300 ಮೀಟರಿನಂತೆ ಹೋದರೂ 60 ಮೀಟರು ದೂರ ಮುಟ್ಟಲು ಸೆಕೆಂಡಿನ ಐದರಲ್ಲೊಂದು ಪಾಲು ಹಿಡಿಯುತ್ತದೆ. ಅಷ್ಟರೊಳಗೆ ಭೂಮಿ ಅದನ್ನು ಸುಮಾರು 20 ಸೆಂಟಿಮೀಟರು, ಎಂದರೆ ಒಂದು ಗೇಣಿನಷ್ಟು, ಕೆಳಕ್ಕೆ ಸೆಳೆದಿರುತ್ತದೆ. ನಿಜವಾದ ಕೋವಿ ಹೀಗೆ ಮದ್ದು, ಗಾಳಿ, ಗುರುತ್ವ ಇವುಗಳಿಗೆ ಒಳಗಾದ ವಸ್ತು.

ಆಟದ ಕೋವಿಯಲ್ಲಿ ಮದ್ದೂ ಇಲ್ಲ, ಗುಂಡೂ ಇಲ್ಲ. ಇರುವುದು ಲೆಕ್ಕ. ಹುಡುಗ ಬೆರಳೊತ್ತಿದೊಡನೆ ಯಂತ್ರ ಅವನ ವೀರನ ಕಣ್ಣಿನಿಂದ ಪರದೆಯ ನಡುವಿನ ಗುರಿಗುರುತಿನ ಕಡೆಗೆ ಕಾಣದ ನೇರ ಗೆರೆಯೊಂದನ್ನು ಎಳೆಯುತ್ತದೆ. ಆ ಗೆರೆ ಮೊದಲು ಮುಟ್ಟಿದ್ದು ಗೋಡೆಯೋ, ಮರವೋ, ವೈರಿಯೋ ಎಂದು ನೋಡುತ್ತದೆ. ವೈರಿಯಾದರೆ ಅವನ ಪ್ರಾಣವೆಂಬ ಅಂಕಿಯಿಂದ ಒಂದಷ್ಟನ್ನು ಕಳೆಯುತ್ತದೆ. ಕೋವಿಯ ಸದ್ದು, ಬಾಯಿಯ ಕಿಡಿ, ಗೋಡೆಯ ಮೇಲೆ ಮೂಡುವ ಗುಂಡಿನ ಕಲೆ ಎಲ್ಲವೂ ಆಮೇಲಿನ ಅಲಂಕಾರ. ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುವುದಾದರೆ, ಈ ಇಡೀ ವ್ಯವಹಾರ ಅಂಥ ಒಂದೇ ಚಿತ್ರದ ಅವಧಿಯೊಳಗೆ ಮುಗಿದುಹೋಗುತ್ತದೆ. ಆಟ ಕಟ್ಟುವವರು ಇದನ್ನು ‘ಹಿಟ್‌ಸ್ಕ್ಯಾನ್’ ಎಂದು ಕರೆಯುತ್ತಾರೆ. 1993ರ ಡಿಸೆಂಬರಿನಲ್ಲಿ ಅಮೆರಿಕದಿಂದ ಹೊರಟು ಲೋಕಪ್ರಸಿದ್ಧವಾದ ‘ಡೂಮ್’ ಎಂಬ ಆಟದ ಪಿಸ್ತೂಲು, ಬಂದೂಕುಗಳು ಈ ಬಗೆಯವೇ. ಕರ್ಣನ ಬಿಲ್ಲು ಈ ಜಾತಿಯದಾಗಿದ್ದರೆ ಕೃಷ್ಣನಿಗೆ ರಥವನ್ನು ಅದುಮಲು ಎಡೆಯೇ ಇರುತ್ತಿರಲಿಲ್ಲ.

ಸರ್ಪಾಸ್ತ್ರದ ಜಾತಿ ಬೇರೆ. ಅದು ಹೊರಟು, ನಡುದಾರಿಯಲ್ಲಿ ಇದ್ದು, ಆಮೇಲೆ ಮುಟ್ಟುವಂಥದು. ಆಟಗಳಲ್ಲಿಯೂ ಈ ಎರಡನೆಯ ಬಗೆ ಉಂಟು. ‘ಡೂಮ್’ ಆಟದ ರಾಕೆಟ್, ಪ್ಲಾಸ್ಮಾ ಕೋವಿಗಳು ಇಂಥವು. ಇಲ್ಲಿ ಯಂತ್ರ ನಿಜವಾಗಿಯೂ ಒಂದು ಉಂಡೆಯನ್ನು ಹುಟ್ಟಿಸಿ, ಚಿತ್ರದಿಂದ ಚಿತ್ರಕ್ಕೆ ಅದನ್ನು ಮುಂದಕ್ಕೆ ಸರಿಸುತ್ತ ಹೋಗುತ್ತದೆ. ಉಂಡೆಯ ವೇಗ ಸೆಕೆಂಡಿಗೆ 30 ಮೀಟರು ಎಂದಿಟ್ಟುಕೊಳ್ಳೋಣ. ಆಗ ಒಂದೊಂದು ಚಿತ್ರಕ್ಕೆ ಅದು ಅರ್ಧ ಮೀಟರು ಸರಿಯಬೇಕು. ವೈರಿ 30 ಮೀಟರು ದೂರದಲ್ಲಿದ್ದು, ಸೆಕೆಂಡಿಗೆ 6 ಮೀಟರಿನಂತೆ ಅಡ್ಡಲಾಗಿ ಓಡುತ್ತಿದ್ದರೆ, ಉಂಡೆ ಅಲ್ಲಿಗೆ ತಲಪುವಾಗ ಅವನು 6 ಮೀಟರು ಆಚೆಗೆ ಹೋಗಿರುತ್ತಾನೆ. ಆದುದರಿಂದ ಗುರಿ ಇಡಬೇಕಾದದ್ದು ಅವನಿರುವಲ್ಲಿಗಲ್ಲ, ಅವನು ಇರಲಿರುವಲ್ಲಿಗೆ. ಗಂಗೊಳ್ಳಿಯ ಅಳಿವೆಯ ಅಂಚಿನಲ್ಲಿ ಬೀಸುಬಲೆ ಹಿಡಿದು ನಿಂತವನಿಗೆ ಈ ಗಣಿತವನ್ನು ಯಾರೂ ಕಲಿಸಬೇಕಾಗಿಲ್ಲ. ಮೀನಿನ ಹಿಂಡು ಹೋಗುವ ದಿಕ್ಕನ್ನು ನೋಡಿಯೇ ಅವನು ಬಲೆಯನ್ನು ಬಿಡುತ್ತಾನೆ.

ಈ ಎರಡನೆಯ ಬಗೆಯಲ್ಲಿ ಯಂತ್ರಕ್ಕೊಂದು ತೊಡಕೂ ಉಂಟು. ಉಂಡೆಯ ವೇಗ ಸೆಕೆಂಡಿಗೆ 600 ಮೀಟರು ಆಯಿತೆಂದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಅದು 10 ಮೀಟರು ಜಿಗಿಯುತ್ತದೆ. ನಡುವೆ ಒಂದು ಗೇಣು ದಪ್ಪದ ಗೋಡೆಯಿದ್ದರೆ? ಒಂದು ಚಿತ್ರದಲ್ಲಿ ಉಂಡೆ ಗೋಡೆಯ ಈಚೆಗೆ, ಮುಂದಿನದರಲ್ಲಿ ಆಚೆಗೆ. ಗೋಡೆಯನ್ನು ಮುಟ್ಟಿದ ಚಿತ್ರವೇ ಇಲ್ಲ! ಈ ಪ್ರಮಾದವನ್ನು ತಪ್ಪಿಸಲು ಉಂಡೆ ಇದ್ದ ಎರಡು ಸ್ಥಾನಗಳ ನಡುವಣ ಗೆರೆಯನ್ನೂ ಯಂತ್ರ ಪರೀಕ್ಷಿಸಬೇಕಾಗುತ್ತದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ವೈಜ್ಞಾನಿಕ ಕಲ್ಪನೆಯ ಆಟಗಳಲ್ಲಿ ಮಾಮೂಲು ಗುಂಡು ಕ್ಷಣಾರ್ಧದಲ್ಲಿ ತಾಗುತ್ತದೆ. ಭವಿಷ್ಯ ಯುಗದ ಬೆಳಕಿನುಂಡೆಯೋ ಕ್ರಿಕೆಟ್ ಚೆಂಡಿನಂತೆ ತೇಲುತ್ತ ಬರುತ್ತದೆ. ಲೋಕದಲ್ಲಿ ಬೆಳಕಿನಷ್ಟು ವೇಗವಾದುದು ಇನ್ನೊಂದಿಲ್ಲ; ಅದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಓಡುತ್ತದೆ. ಹಾಗಿರುವಾಗ ಆಟದಲ್ಲೇಕೆ ಈ ವಿಪರ್ಯಾಸ? ಉತ್ತರ ಸರಳ. ಬಲವಾದ ಪೆಟ್ಟು ಕೊಡುವ ಆಯುಧ ತಕ್ಷಣ ತಾಗುವಂತಿದ್ದರೆ ಎದುರಾಳಿಗೆ ಉಳಿಗಾಲವಿಲ್ಲ. ಹೊಳೆಯುವ ಉಂಡೆ ಮೆಲ್ಲಗೆ ಬಂದರೆ ಅವನು ಕಂಡು ಪಕ್ಕಕ್ಕೆ ಸರಿಯಬಹುದು. ಆ ನಿಧಾನವನ್ನು ಅಲ್ಲಿ ಇರಿಸಿದ್ದು ಭೌತವಿಜ್ಞಾನವಲ್ಲ, ಆಟದ ನ್ಯಾಯ.

ಕೆಲವೊಮ್ಮೆ ನ್ಯಾಯಕ್ಕಿಂತ ಯಂತ್ರದ ಬಡತನವೇ ನಿಯಮವಾಗುವುದೂ ಉಂಟು. 1962ರಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿ.ಡಿ.ಪಿ.-1 ಎಂಬ ಗಣಕಯಂತ್ರದ ಮೇಲೆ ‘ಸ್ಪೇಸ್‌ವಾರ್’ ಎಂಬ ಆಟವನ್ನು ಕಟ್ಟಿದರು. ಎರಡು ನೌಕೆಗಳು, ನಡುವೆ ಎಲ್ಲವನ್ನೂ ತನ್ನತ್ತ ಸೆಳೆಯುವ ನಕ್ಷತ್ರ. ಆ ನಕ್ಷತ್ರ ನೌಕೆಗಳನ್ನು ಸೆಳೆಯುತ್ತಿತ್ತು. ಆದರೆ ಅವು ಹಾರಿಸುವ ಟಾರ್ಪೆಡೋಗಳನ್ನು ಸೆಳೆಯುತ್ತಿರಲಿಲ್ಲ. ಒಂದೊಂದು ಟಾರ್ಪೆಡೋವಿಗೂ ಗುರುತ್ವದ ಲೆಕ್ಕ ಹಾಕುವಷ್ಟು ಶಕ್ತಿ ಆ ಯಂತ್ರಕ್ಕೆ ಇರಲಿಲ್ಲ. ವಿಡಿಯೋ ಆಟಗಳ ಚರಿತ್ರೆಯ ಆರಂಭದಲ್ಲಿಯೇ ಆಯುಧವೆಂಬುದು ವಸ್ತುವಲ್ಲ, ನಿಯಮ ಎಂಬುದು ಹೀಗೆ ಸಿದ್ಧವಾಯಿತು.

ನಿಯಮವೆಂದ ಮೇಲೆ ಪ್ರತಿಯೊಂದು ಬಲಕ್ಕೂ ಒಂದು ಬೆಲೆ ಇರಲೇಬೇಕು. ಪುರಾಣದಲ್ಲಿ ಆಗ್ನೇಯಾಸ್ತ್ರಕ್ಕೆ ವಾರುಣಾಸ್ತ್ರ, ನಾಗಾಸ್ತ್ರಕ್ಕೆ ಗರುಡಾಸ್ತ್ರ. ಇಂದ್ರ ಕೊಟ್ಟ ಶಕ್ತ್ಯಾಯುಧ ಅಮೋಘವಾದರೂ ಒಂದೇ ಸಲಕ್ಕೆ. ಅದು ಘಟೋತ್ಕಚನ ಮೇಲೆ ಖರ್ಚಾದಂದೇ ಅರ್ಜುನನ ಪ್ರಾಣ ಉಳಿದಂತಾಯಿತು. 2001ರ ನವೆಂಬರಿನಲ್ಲಿ ಹೊರಬಂದ ‘ಹೇಲೋ’ ಎಂಬ ವೈಜ್ಞಾನಿಕ ಕಲ್ಪನೆಯ ಆಟದ ಏರ್ಪಾಡೂ ಇದಕ್ಕೆ ದೂರವಾದುದಲ್ಲ. ಅಲ್ಲಿಯ ವೀರನಿಗೆ ದೇಹದ ಮೇಲೊಂದು ಕಾಣದ ಶಕ್ತಿಕವಚ ಉಂಟು. ಸ್ವಲ್ಪ ಹೊತ್ತು ಪೆಟ್ಟು ತಿನ್ನದೆ ಮರೆಯಲ್ಲಿದ್ದರೆ ಅದು ತಾನಾಗಿಯೇ ತುಂಬಿಕೊಳ್ಳುತ್ತದೆ. ಆ ಕವಚವನ್ನು ಕೀಳಲು ಪ್ಲಾಸ್ಮಾ ಕೋವಿ ಮೇಲು. ಕವಚ ಹೋದ ಮೇಲೆ ದೇಹಕ್ಕೆ ಸೀಸದ ಗುಂಡು ಮೇಲು. ಪ್ಲಾಸ್ಮಾ ಕೋವಿಗೆ ಗುಂಡು ತುಂಬುವ ಗೋಜಿಲ್ಲ. ಆದರೆ ಬಿಡದೆ ಹಾರಿಸಿದರೆ ಕಾದು ಕೈಕೊಡುತ್ತದೆ, ಬ್ಯಾಟರಿ ಮುಗಿದರೆ ಎಸೆಯಬೇಕು. ಒಂದು ಸಲಕ್ಕೆ ಹೊರಬಹುದಾದದ್ದು ಎರಡೇ ಆಯುಧ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬಲ್ಲಿಯೇ ಅರ್ಧ ಆಟ ಮುಗಿಯುತ್ತದೆ.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ವೈರಿಯ ಕವಚ 100, ಪ್ರಾಣ 100, ಒಟ್ಟು 200 ಎಂದಿರಲಿ. ಮೊದಲನೆಯ ಕೋವಿ ಸೆಕೆಂಡಿಗೆ 10 ಗುಂಡು ಹಾರಿಸುತ್ತದೆ, ಗುಂಡೊಂದಕ್ಕೆ 20 ಕಳೆಯುತ್ತದೆ. ಅದಕ್ಕೆ 10 ಗುಂಡು ಬೇಕು. ಮೊದಲ ಗುಂಡು ಹೊರಟ 0.9 ಸೆಕೆಂಡಿಗೆ ಹತ್ತನೆಯದು ತಾಗಿ ಕೆಲಸ ಮುಗಿಯುತ್ತದೆ. ಎರಡನೆಯ ಕೋವಿ ಸೆಕೆಂಡಿಗೆ ಒಂದೇ ಗುಂಡು ಹಾರಿಸುತ್ತದೆ, ಆದರೆ 90 ಕಳೆಯುತ್ತದೆ. ಅದಕ್ಕೆ ಮೂರು ಗುಂಡು, ಎಂದರೆ 2 ಸೆಕೆಂಡು. ಹಾಗಾದರೆ ಎರಡನೆಯದನ್ನು ಯಾರು ಹಿಡಿಯುತ್ತಾರೆ? ತಲೆಗೆ ತಾಗಿದರೆ ಪೆಟ್ಟು ಇಮ್ಮಡಿ ಎಂಬ ನಿಯಮವನ್ನು ಸೇರಿಸಿದರೆ ಚಿತ್ರ ಬದಲಾಗುತ್ತದೆ. ಮೊದಲ ಗುಂಡು ತಲೆಗೆ ತಾಗಿ 180 ಹೋಯಿತು. ಎರಡನೆಯದು ಎಲ್ಲಿಗೆ ತಾಗಿದರೂ ಸಾಕು, ಒಂದೇ ಸೆಕೆಂಡು. ಮೇಲಾಗಿ, ಮೊದಲನೆಯವನು ಇಡೀ ಹೊತ್ತು ಎದುರಿಗೆ ನಿಂತಿರಬೇಕು; ಎರಡನೆಯವನು ಒಂದು ಗುಂಡು ಹಾರಿಸಿ ಗೋಡೆಯ ಮರೆಗೆ ಸರಿದು ಮತ್ತೆ ಇಣುಕಬಹುದು. ಇಂಥ ಅಂಕಿಗಳನ್ನು ಇಲ್ಲಿಷ್ಟು ಕೂಡಿಸಿ ಅಲ್ಲಿಷ್ಟು ಕಳೆದು, ಯಾವ ಆಯುಧವೂ ಅಜೇಯವಾಗದಂತೆ ನೋಡಿಕೊಳ್ಳುವುದೇ ಒಂದು ಉದ್ಯೋಗವಾಗಿ ಬೆಳೆದಿದೆ. ನಮ್ಮ ದೇಶವೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಧ್ರುವ ಇಂಟರಾಕ್ಟಿವ್ 1990ರ ದಶಕದಲ್ಲಿಯೇ ಆಟ ಕಟ್ಟುವ ಕೆಲಸಕ್ಕೆ ಇಳಿದ ಸಂಸ್ಥೆ. 2019ರಲ್ಲಿ ಅದನ್ನು ವಿಶ್ವವಿಖ್ಯಾತ ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಪುಣೆಯ ಸೂಪರ್‌ಗೇಮಿಂಗ್ ಸಂಸ್ಥೆ ಭಾರತೀಯ ಕಲ್ಪನೆಯ ಭವಿಷ್ಯಲೋಕವನ್ನು ಚಿತ್ರಿಸಿ ‘ಇಂಡಸ್’ ಎಂಬ ಕಾಳಗದ ಆಟವನ್ನು 2024ರಲ್ಲಿ ಹೊರತಂದಿತು.

ಶಲ್ಯನ ಸಲಹೆಗೆ ಈಗ ಮರಳಬಹುದು. ಆಟದ ಯಂತ್ರ ವೀರನ ದೇಹವನ್ನು ಕಣ್ಣಿಗೆ ಕಾಣುವ ಹಾಗೆ ನೋಡುವುದಿಲ್ಲ. ತಲೆಗೊಂದು, ಎದೆಗೊಂದು, ಕೈಕಾಲಿಗೊಂದೊಂದು ಎಂದು ಕಾಣದ ಪೆಟ್ಟಿಗೆಗಳನ್ನು ತೊಡಿಸಿರುತ್ತದೆ. ಇವಕ್ಕೆ ‘ಹಿಟ್‌ಬಾಕ್ಸ್’ ಎಂದು ಹೆಸರು. ಗೆರೆಯಾಗಲಿ ಉಂಡೆಯಾಗಲಿ ತಾಗಬೇಕಾದದ್ದು ಈ ಪೆಟ್ಟಿಗೆಗೆ. ತಲೆಯ ಪೆಟ್ಟಿಗೆ ಚಿಕ್ಕದು, ಫಲ ದೊಡ್ಡದು. ಎದೆಯ ಪೆಟ್ಟಿಗೆ ದೊಡ್ಡದು, ಫಲ ಚಿಕ್ಕದು. ನಿಧಾನವಾಗಿ ಬರುವ ಅಸ್ತ್ರವಾದರೆ, ವೈರಿ ಒಂದಿಷ್ಟು ಕುಸಿದರೂ ತಲೆ ತಪ್ಪುತ್ತದೆ, ಎದೆ ತಪ್ಪುವುದು ಕಷ್ಟ. ಕೊರಳು ಬಿಟ್ಟು ಎದೆಗೆ ಗುರಿಯಿಡೆಂದ ಶಲ್ಯನ ಮಾತು ಯುದ್ಧಗಣಿತದ ಪ್ರಕಾರ ಅಪ್ಪಟ ಸತ್ಯ. ರಥ ಕುಸಿದಾಗ ಕೊರಳಿದ್ದ ಎತ್ತರಕ್ಕೆ ಬಂದದ್ದು ಕಿರೀಟ. ಎದೆಯಿದ್ದ ಎತ್ತರಕ್ಕೆ ಬರುತ್ತಿದ್ದುದು ಕೊರಳೋ ತಲೆಯೋ.

ಇನ್ನು ಉಳಿದದ್ದು ತೀರ್ಪಿನ ಪ್ರಶ್ನೆ. ಬೈಂದೂರಿನ ಹುಡುಗನೂ ಬ್ರಹ್ಮಾವರದ ಹುಡುಗನೂ ಪರಸ್ಪರ ಎದುರಾದರೆ, ಯಾರ ಪೆಟ್ಟು ಮೊದಲು ಬಿದ್ದಿತೆಂದು ಹೇಳುವವರು ಯಾರು? ಅವರ ಫೋನುಗಳಲ್ಲ. ಮುಂಬಯಿಯಲ್ಲಿಯೋ ಇನ್ನೆಲ್ಲಿಯೋ ಇರುವ ಸರ್ವರ್ ಎಂಬ ಯಂತ್ರ. ಬಯಲಾಟವನ್ನು ಬಲ್ಲವರಿಗೆ ಇದನ್ನು ತಿಳಿಯುವುದು ಸುಲಭ. ರಂಗಸ್ಥಳದಲ್ಲಿ ವೇಷಧಾರಿಗಳು ಬಿಲ್ಲುಬಾಣಗಳನ್ನು ಹಿಡಿದು ಸುತ್ತುತ್ತಾರೆ. ಬಾಣ ಸಾಮಾನ್ಯವಾಗಿ ಕೈಬಿಟ್ಟು ಹೋಗುವುದಿಲ್ಲ. ಆದರೂ ಯಾರು ಸೋತರೆಂಬುದರಲ್ಲಿ ಯಾರಿಗೂ ಸಂದೇಹ ಉಳಿಯುವುದಿಲ್ಲ. ಭಾಗವತರ ಪದ್ಯ ಹೇಳಿತು, ಚೆಂಡೆ ಒಪ್ಪಿತು, ವೇಷ ಕುಸಿಯಿತು. ಗುಂಡು ಹೋಗದೆಯೇ ತಾಗುವ ಕೋವಿಯನ್ನು ಈ ಕರಾವಳಿಯವರು ಫೋನು ಬರುವುದಕ್ಕೆ ಬಹಳ ಮೊದಲೇ ಕಂಡಿದ್ದಾರೆ! ಸರ್ವರೇ ವಿಡಿಯೋ ಆಟದ ಭಾಗವತ.

ಆದರೆ ಈ ಭಾಗವತ ದೂರದಲ್ಲಿ ಕುಳಿತಿದ್ದಾನೆ. ಹುಡುಗನ ಬೆರಳಿನ ಸುದ್ದಿ ಅಲ್ಲಿಗೆ ಹೋಗಿ ಉತ್ತರ ಮರಳಲು ಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲು ಹಿಡಿಯಿತೆನ್ನೋಣ. ಸೆಕೆಂಡಿಗೆ 6 ಮೀಟರು ಓಡುವವನು ಅಷ್ಟರಲ್ಲಿ 30 ಸೆಂಟಿಮೀಟರು ಸರಿದಿರುತ್ತಾನೆ. ತಲೆಗಿಟ್ಟ ಗುರಿ ತಪ್ಪಲು ಅದು ಧಾರಾಳ ಸಾಕು. ಇದನ್ನು ಸರಿಪಡಿಸಲು ಸರ್ವರ್ ಎಲ್ಲರ ಹಿಂದಿನ ಸ್ಥಾನಗಳನ್ನೂ ನೆನಪಿಟ್ಟುಕೊಂಡಿರುತ್ತದೆ. ಬೆರಳೊತ್ತಿದ ಸುದ್ದಿ ಬಂದೊಡನೆ ಕಾಲವನ್ನು ಅಷ್ಟು ಹಿಂದಕ್ಕೆ ತಿರುಗಿಸಿ, ಆಗ ಅವನ ಕಣ್ಣಿಗೆ ವೈರಿ ಎಲ್ಲಿ ಕಂಡಿದ್ದನೋ ಅಲ್ಲಿಟ್ಟು ಪರೀಕ್ಷಿಸುತ್ತದೆ. ಗೋಡೆಯ ಮರೆಗೆ ಓಡಿಹೋದ ಮೇಲೆಯೂ ಒಮ್ಮೊಮ್ಮೆ ಪೆಟ್ಟು ಬೀಳುವುದು ಇದರಿಂದಲೇ. “ಮೋಸ, ಮೋಸ!” ಎಂದು ಜಗಲಿಯಿಂದ ಕೇಳಿಬರುವ ಕೂಗಿಗೆ ಎಷ್ಟೋ ಸಲ ಕಾರಣ ಮೋಸವಲ್ಲ, ದೂರ.

ಆ ಸಂಜೆ ಅಜ್ಜಯ್ಯ ಇದಿಷ್ಟನ್ನೂ ಹುಡುಗನ ಬಾಯಿಂದಲೇ ಹೊರಡಿಸಿದರು. ತಂದೆಯೂ ಬಾಗಿಲಲ್ಲಿ ನಿಂತು ಕೇಳಿದ. ಕೊಲ್ಲುವುದನ್ನು ಕಲಿಸುವ ಯಂತ್ರವೆಂದು ಅವನು ಹೆದರಿದ್ದ. ಆ ಹೆದರಿಕೆ ಅವನೊಬ್ಬನದಲ್ಲ. ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರಲ್ಲಿ ಇದನ್ನು ವಿಚಾರಿಸಿ, ಇಂಥ ಆಟಗಳಿಗೂ ಕೂಗಾಟ, ನೂಕಾಟಗಳಂಥ ಸಣ್ಣ ಮುಂಗೋಪಕ್ಕೂ ಅಲ್ಪಸ್ವಲ್ಪ ನಂಟು ಕಾಣುವುದುಂಟು, ನಿಜವಾದ ಹಿಂಸಾಕೃತ್ಯಕ್ಕೆ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ ಎಂದು ಹೇಳಿತು. ನಮ್ಮ ಸರಕಾರ 2020ರ ಸೆಪ್ಟೆಂಬರ್ 2ರಂದು ‘ಪಬ್‌ಜಿ’ ಆಟವನ್ನು ನಿಷೇಧಿಸಿದಾಗಲೂ ಕೊಟ್ಟ ಕಾರಣ ಕೋವಿಯಲ್ಲ, ದೇಶದ ಹಾಗೂ ಜನರ ಮಾಹಿತಿಯ ಭದ್ರತೆ.

ಹಾಗೆಂದು ಹೆದರಬೇಕಾದುದೇ ಇಲ್ಲವೆನ್ನಬಹುದೆ? ಅಜ್ಜಯ್ಯ ಮುಂದೆ ಕೇಳಿದ್ದು ಅದನ್ನೇ. ಹಣ ಕೊಟ್ಟು ತಂದ ಬಣ್ಣದಿಂದ ಕೋವಿಯ ಪೆಟ್ಟು ಹೆಚ್ಚಾಯಿತೋ? ಇಲ್ಲವೆಂದ ಹುಡುಗ. ಗುಂಡು ಬೇಗ ತಾಗುತ್ತದೋ? ಅದೂ ಇಲ್ಲ. ಹುಡುಗ ಆಡುತ್ತಿದ್ದ ಆಟದಲ್ಲಿ, ಇತರ ಬಹಳಷ್ಟು ಆಟಗಳಲ್ಲಿರುವಂತೆಯೇ, ಆಯುಧದ ಮೇಲಿನ ಬಣ್ಣ ಬರಿಯ ವೇಷ. ಅದನ್ನು ನೇರವಾಗಿ ಮಾರದೆ, ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಗಳಲ್ಲಿಟ್ಟು ಮಾರುವುದೂ ಉಂಟು. ಪೆಟ್ಟಿಗೆಗೆ 50 ರೂಪಾಯಿ, ಬೇಕಾದ ವೇಷ ಸಿಗುವ ಅವಕಾಶ ನೂರರಲ್ಲಿ ಒಂದು ಎಂದಿಟ್ಟುಕೊಳ್ಳೋಣ. ನೂರು ಪೆಟ್ಟಿಗೆ ತೆರೆದರೆ ಸಿಕ್ಕೇ ಸಿಗುತ್ತದೆಂದು ಮಕ್ಕಳು ಎಣಿಸುತ್ತಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ತಲಾ ನೂರು ಪೆಟ್ಟಿಗೆ ತೆರೆದ ನೂರು ಮಂದಿಯಲ್ಲಿ ಸುಮಾರು 37 ಮಂದಿ 5,000 ರೂಪಾಯಿ ಕಳೆದುಕೊಂಡು ಬರಿಗೈಯಲ್ಲಿ ಉಳಿಯುತ್ತಾರೆ. ಬೆಲ್ಜಿಯಂ ದೇಶ 2018ರಲ್ಲಿ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು. ಭಾರತ 2025ರ ಆಗಸ್ಟಿನಲ್ಲಿ ಮಾಡಿದ ಕಾಯಿದೆ ಹಣವನ್ನು ಪಣಕ್ಕಿಟ್ಟು ಗೆಲ್ಲಲು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಆಟದೊಳಗೆ ವೇಷ ಮಾರುವ ಅಂಗಡಿಯಂತೂ ತೆರೆದೇ ಇದೆ. ಪರದೆಯ ಮೇಲಿನ ಸಾವಿರ ಕೋವಿಗಳು ಯಾರಿಗೂ ನೋಯಿಸವು. ಪರದೆಯಿಂದ ಹೊರಕ್ಕೆ ಗುರಿಯಿಟ್ಟ ಆಯುಧ ಇದೊಂದೇ. ಆ ಸಂಜೆ ಅದು ತಾಗಿದ್ದು ಅಜ್ಜಯ್ಯನ ಪಿಂಚಣಿಗೆ.

ಇನ್ನೊಂದು ಕೊರತೆಯೂ ಈ ಆಟಕ್ಕೆ ಉಂಟು. ಬಯಲಾಟಕ್ಕೆ ಬೆಳಗಾದರೆ ಮಂಗಳ. ಈಗ ಕಾಲಮಿತಿಯಲ್ಲಿ ಆಡುವ ಮೇಳಗಳಿಗೆ ಇನ್ನೂ ಮುಂಚೆಯೇ ಮಂಗಳ. ಭಾಗವತರು ಮಂಗಳ ಹಾಡಿದರೆಂದರೆ ಕರ್ಣನೂ ಬಣ್ಣ ತೆಗೆದು ಮನೆಗೆ ಹೋಗಬೇಕು. ಫೋನಿನ ಆಟದ ಭಾಗವತನಿಗೆ ಮಂಗಳ ಪದ್ಯ ಬಾರದು. ಒಂದು ಕಾಳಗ ಮುಗಿಯುವುದರೊಳಗೆ ಇನ್ನೊಂದಕ್ಕೆ ಕರೆಯುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಅಂಕೆ ಮೀರಿದ ಆಟದ ಚಟಕ್ಕೂ ಒಂದು ಸ್ಥಾನವಿದೆ. ಆಡುವವರೆಲ್ಲ ರೋಗಿಗಳೆಂದು ಇದರ ಅರ್ಥವಲ್ಲ. ಓದು, ನಿದ್ರೆ, ಊಟಗಳನ್ನು ನುಂಗಿದ ಮೇಲೆಯೂ ನಿಲ್ಲಿಸಲಾಗದೆ, ಆ ಸ್ಥಿತಿ ಬಹುಕಾಲ ಮುಂದುವರಿದರೆ ಮಾತ್ರ ಆ ಹೆಸರು. ಆ ಹಂತಕ್ಕೆ ಹೋಗದಂತೆ ಮಂಗಳ ಹಾಡಬೇಕಾದವರು ಮನೆಯವರೇ.

ಹಾಡುವ ಬಗೆ ಯಾವುದು ಎಂಬುದೇ ಕಷ್ಟದ ಮಾತು. ಶಲ್ಯನ ಸಲಹೆ ಸರಿಯಾಗಿದ್ದೂ ಕರ್ಣನೇಕೆ ಕೇಳಲಿಲ್ಲ? ಹಟ ಒಂದು ಕಾರಣವಿದ್ದೀತು. ಆದರೆ ಕರ್ಣನ ಎದೆಗುಂದಿಸುವೆನೆಂದು ಧರ್ಮರಾಯನಿಗೆ ಮೊದಲೇ ಮಾತು ಕೊಟ್ಟಿದ್ದ ಶಲ್ಯ, ರಥವೇರಿದಂದಿನಿಂದ ಅವನನ್ನು ಹೀಯಾಳಿಸುತ್ತಲೇ ಬಂದಿದ್ದ. ಇಡೀ ದಿನ ಮೂದಲಿಸಿದ ಬಾಯಿಂದ ಒಂದು ಹಿತವಚನ ಬಂದಾಗ ಅದೂ ಮೂದಲಿಕೆಯಾಗಿಯೇ ಕೇಳಿಸಿತು. ಎದುರಿನ ರಥದಲ್ಲಿ ಕುಳಿತ ಸಾರಥಿಗೆ ಬರುತ್ತಿರುವ ಅಸ್ತ್ರ ಯಾವುದು, ಅದರ ವೇಗವೆಷ್ಟು ಎಂಬುದು ತಿಳಿದಿತ್ತು. ಅವನು ಕೂಗಾಡಲಿಲ್ಲ. ರಥವನ್ನು ಎಷ್ಟು ಬೇಕೋ ಅಷ್ಟು ಅದುಮಿದ.

ಅಜ್ಜಯ್ಯ ಅಂದು ಫೋನನ್ನು ಬೀಗದೊಳಗೆ ಇಡಿಸಲಿಲ್ಲ. ಅದರೊಳಗಿನ ಹಣದ ದಾರಿಯನ್ನು ಮಾತ್ರ ಮಗನ ಕೈಯಿಂದ ಮುಚ್ಚಿಸಿದರು. ಹೋದ ಹಣವನ್ನು ತಿಂಗಳ ಕೈಖರ್ಚಿನಿಂದ ಕಳೆಯುವುದೆಂದು ಹುಡುಗನೇ ಒಪ್ಪಿದ. ದಿನಕ್ಕೊಂದು ಹೊತ್ತು ಗೊತ್ತಾಯಿತು; ದೇವರ ಮುಂದೆ ದೀಪ ಹಚ್ಚಿದರೆ ಮಂಗಳ. ಮರುದಿನ ಸಂಜೆ ಹುಡುಗ ಆಡುತ್ತಿದ್ದಾಗ ನಿಧಾನದ ರಾಕೆಟ್ಟನ್ನು ವೈರಿಯ ತಲೆಗೆ ಗುರಿಯಿಟ್ಟು ಎರಡು ಸಲ ತಪ್ಪಿದ. ಪಕ್ಕದಲ್ಲಿ ಕುಳಿತು ಕನ್ನಡಕದ ಮೇಲಿಂದ ನೋಡುತ್ತಿದ್ದ ಅಜ್ಜಯ್ಯ ಮೆಲ್ಲಗೆ ಹೇಳಿದರು: “ಎದೆಗ್ ಇಡ್ ಮಾಣಿ, ಎದೆಗ್.”

ಹುಡುಗ ನಕ್ಕು, ಗುರಿಯನ್ನು ಕೆಳಕ್ಕೆ ಇಳಿಸಿದ.